ಕೂಸು ಮತ್ತು ಕುಲಾವಿ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರಂತೆ ಎಂದು ನಮ್ಮವರು ನಗುವುದುಂಟು. ಕಲೆಯ ಲೋಕದಲ್ಲಿ ಎಷ್ಟೋ ಸಲ ನಡೆಯುವುದು ಇದಕ್ಕೆ ವಿರುದ್ಧ. ಕೂಸು ಹುಟ್ಟಿ, ಬೆಳೆದು, ಮನೆ ಬಿಟ್ಟುಹೋದ ಮೇಲೆ ವಿಮರ್ಶಕರು ಕುಲಾವಿ ಹಿಡಿದು ಬರುತ್ತಾರೆ. ಅಂಕಲ್ ಟುಪೆಲೊ ಎಂಬ ಅಮೆರಿಕದ ತಂಡದ ‘ನೋ ಡಿಪ್ರೆಷನ್’ ಧ್ವನಿಮುದ್ರಿಕೆಯನ್ನು ನೆನೆದಾಗಲೆಲ್ಲ ನನಗೆ ಹೀಗೆ ತೋರುತ್ತದೆ.

ಇಲಿನಾಯ್ ಸಂಸ್ಥಾನದ ಬೆಲ್‌ವಿಲ್ ಊರಿನ ಮೂವರು ತರುಣರು, ಜೇ ಫರಾರ್, ಜೆಫ್ ಟ್ವೀಡಿ ಮತ್ತು ಮೈಕ್ ಹೈಡೋರ್ನ್, 1990ರಲ್ಲಿ ಇದನ್ನು ರಾಕ್‌ವಿಲ್ ಎಂಬ ಸಣ್ಣ ಸ್ವತಂತ್ರ ಸಂಸ್ಥೆಯ ಮೂಲಕ ಹೊರತಂದರು. ಪಂಕ್ ಸಂಗೀತದ ಆರ್ಭಟವೂ ಕಂಟ್ರಿ ಸಂಗೀತದ ಕೊರಗೂ ಇಲ್ಲಿ ಒಂದೇ ಹಾಡಿನೊಳಗೆ ಅಕ್ಕಪಕ್ಕ ನಿಲ್ಲುತ್ತವೆ. ಕಾರ್ಖಾನೆಯ ರಾತ್ರಿಪಾಳಿ, ಕುಡಿತ, ಸಣ್ಣ ಊರಿನ ಬೇಸರ, ಇವೇ ವಸ್ತು. ಶೀರ್ಷಿಕೆ ಮಾತ್ರ ಹಳೆಯದು. ಕಾರ್ಟರ್ ಕುಟುಂಬದವರು 1936ರಲ್ಲಿ, ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, ಧ್ವನಿಮುದ್ರಿಸಿದ ಭಕ್ತಿಗೀತೆಯೊಂದರಿಂದ ಬಂದದ್ದು. ಆ ಗೀತೆಯನ್ನು ಈ ತರುಣರೂ ಹಾಡಿದ್ದಾರೆ.

ಮೆಚ್ಚಿದ ವಿಮರ್ಶಕರು ಆಗಲೂ ಇದ್ದರು. ಆದರೆ ಮೆಚ್ಚುಗೆ ಸಣ್ಣ ವಲಯವನ್ನು ದಾಟಲಿಲ್ಲ. 1994ರಲ್ಲಿ ತಂಡ ಒಡೆಯಿತು. ಫರಾರ್ ‘ಸನ್ ವೋಲ್ಟ್’ ತಂಡವನ್ನು, ಟ್ವೀಡಿ ಉಳಿದವರೊಡನೆ ‘ವಿಲ್ಕೊ’ ತಂಡವನ್ನು ಕಟ್ಟಿದರು. ಮರುವರ್ಷ ಗ್ರಾಂಟ್ ಆಲ್ಡನ್ ಮತ್ತು ಪೀಟರ್ ಬ್ಲಾಕ್‌ಸ್ಟಾಕ್ ಎಂಬಿಬ್ಬರು ‘ನೋ ಡಿಪ್ರೆಷನ್’ ಎಂಬ ಹೆಸರಿನಲ್ಲೇ ಪತ್ರಿಕೆಯೊಂದನ್ನು ಆರಂಭಿಸಿದರು. ಮುದ್ರಿಕೆಯ ಹೆಸರು ಕ್ರಮೇಣ ಪಂಥದ ಹೆಸರಾಯಿತು. ತಾನು ‘ಪರ್ಯಾಯ ಕಂಟ್ರಿ’ಯ ಪತ್ರಿಕೆಯೆಂದು ಸಾರಿಕೊಂಡ ಅದು, ಹಾಗೆಂದರೆ ಏನೋ ಎಂಬ ಸಂಶಯವನ್ನೂ ಕಂಸದೊಳಗೆ ಜೊತೆಗೇ ಅಚ್ಚುಹಾಕಿತು. ಇಂತಹ ಪ್ರಾಮಾಣಿಕತೆ ವಿಮರ್ಶೆಯಲ್ಲಿ ವಿರಳ.

ಅನುಯಾಯಿಗಳಲ್ಲಿ ಹಲವರಿಗೆ ಆ ಸಂಶಯ ಉಳಿಯಲಿಲ್ಲ. ಈ ಮುದ್ರಿಕೆಯಿಂದಲೇ ಪಂಥ ಹುಟ್ಟಿತೆಂಬ ಮಾತು ಹಬ್ಬಿತು. ಆದರೆ ಬರ್ಡ್ಸ್ ತಂಡ 1968ರಲ್ಲೇ ರಾಕ್ ಮತ್ತು ಕಂಟ್ರಿಗಳನ್ನು ಬೆಸೆದಿತ್ತು. 1980ರ ದಶಕದಲ್ಲಿ ನ್ಯಾಶ್‌ವಿಲ್‌ನ ಜೇಸನ್ ಅಂಡ್ ದ ಸ್ಕಾರ್ಚರ್ಸ್ ತಂಡ ಅದಕ್ಕೆ ಪಂಕ್‌ನ ವೇಗವನ್ನು ಕೂಡಿಸಿತ್ತು. ಇತ್ತ ಟ್ವೀಡಿಯವರು 2002ರ ‘ಯಾಂಕಿ ಹೋಟೆಲ್ ಫಾಕ್ಸ್‌ಟ್ರಾಟ್’ ಹೊತ್ತಿಗೆ ಕಂಟ್ರಿಯಿಂದ ಬಹುದೂರ ಸಾಗಿದ್ದರು. ಕುಲಾವಿ ಆ ತಲೆಗೆ ಎಂದೋ ಚಿಕ್ಕದಾಗಿತ್ತು.

ನಾನೂ ಖ್ಯಾತಿಯನ್ನು ಮೊದಲು ಓದಿ, ಹಾಡನ್ನು ಆಮೇಲೆ ಕೇಳಿದವನೇ. ಪಂಥವೊಂದರ ಆದಿಕೃತಿಯನ್ನು ಕೇಳಲು ಕುಳಿತೆ, ನಿರಾಶೆಯಾಯಿತು. ಎಷ್ಟೋ ದಿನಗಳ ಮೇಲೆ, ಇತಿಹಾಸದ ಗೊಡವೆಯಿಲ್ಲದೆ ಕಿವಿಗೊಟ್ಟಾಗ, 23 ವರ್ಷದ ಫರಾರರ ಕಂಠದಲ್ಲಿ ದುಡಿದು ಸೋತ ಮುದುಕನ ದಣಿವು ಕೇಳಿಸಿತು. ಅದರ ಬಗ್ಗೆ ಯಾವ ಹೆಸರೂ ನನಗೆ ಮುನ್ಸೂಚನೆ ಕೊಟ್ಟಿರಲಿಲ್ಲ.

ಹಾಗೆಂದು ವಿಮರ್ಶಕರನ್ನು ಹಳಿಯಲಾರೆ. ಅವರು ಹೆಸರಿಡದಿದ್ದರೆ ನಾನು ಆ ಬಾಗಿಲಿಗೆ ಬರುತ್ತಲೇ ಇರಲಿಲ್ಲ. ಆದರೆ ಆ ಹೆಸರನ್ನು ಹೊಸ್ತಿಲಲ್ಲಿ ಬಿಡದೆ ಒಳಗೆ ಹೋಗುವುದೂ ನನ್ನಿಂದ ಆಗಲಿಲ್ಲ.