ನೋಟಕರಿಗೆ ಬಹುಮಾನ

ಬಹುಮಾನವೆಂಬುದು ಸಂಸ್ಕೃತದಿಂದ ನಮ್ಮ ಭಾಷೆಗೆ ಬಂದು ಅರ್ಥವನ್ನು ಬದಲಿಸಿಕೊಂಡ ಶಬ್ದಗಳಲ್ಲೊಂದು. ಸಂಸ್ಕೃತದಲ್ಲಿ ಅದಕ್ಕೆ ಹೆಚ್ಚಿನ ಆದರ, ಗೌರವಬುದ್ಧಿ ಎಂದರ್ಥ, ಅದು ಮನಸ್ಸಿನಲ್ಲಿರತಕ್ಕದ್ದು. ಕನ್ನಡದಲ್ಲಾದರೋ ಅದು ಕೈಗೆ ಕೊಡತಕ್ಕ ವಸ್ತುವಾಗಿದೆ: ಪೆನ್ನು, ಪುಸ್ತಕ, ಲೋಟ, ಹಣ. ನನ್ನ ಉಪಾಧ್ಯಾಯ ವೃತ್ತಿಯಲ್ಲಿ ಈ ಅಂತರವನ್ನು ಎಷ್ಟೋ ಸಲ ಕರಿಹಲಗೆಯ ಮೇಲೆ ಬರೆದು ತೋರಿಸಿದ್ದೆನು. ಆದರೆ ಇದನ್ನು ಮರೆತುದರಿಂದ ಒಂದು ಮನೆಯ ನೆಮ್ಮದಿಯೇ ಕದಡಬಹುದೆಂಬುದು ಕಳೆದ ವರ್ಷ ನನ್ನ ಕಣ್ಣೆದುರಿಗೇ ನಡೆದ ಮೇಲೆ ತಿಳಿಯಿತು.

ವಸ್ತಾರೆಯ ಬಳಿ ನಮ್ಮ ಅಕ್ಕನ ಮಗನಿಗೆ ಕೆಲವು ಎಕರೆ ಕಾಫಿ ತೋಟವಿದೆ. ಅವನ ಮಗ ಹತ್ತೊಂಬತ್ತು ವರ್ಷದವನು, ಚಿಕ್ಕಮಗಳೂರಿನಲ್ಲಿ ಬಿ.ಕಾಂ. ಓದುತ್ತಾನೆ. ಮಾಘ ಮಾಸದಲ್ಲಿ, ಕೊಯ್ಲು ಇನ್ನೂ ಮುಗಿದಿರದಿದ್ದಾಗ, ಒಂದು ಸಾಯಂಕಾಲ ನಾನು ಅಲ್ಲಿಗೆ ಹೋದೆನು. ತಂದೆಮಕ್ಕಳು ಪರಸ್ಪರ ಮಾತು ಬಿಟ್ಟು ಎರಡು ದಿವಸವಾಗಿತ್ತು. ಆಳುಗಳ ಬಟವಾಡೆಗೆಂದು ಹುಡುಗನ ಖಾತೆಗೆ ಹಾಕಿದ್ದ ಹಣದಲ್ಲಿ ಆರು ಸಾವಿರ ರೂಪಾಯಿ ಇರಲಿಲ್ಲ. ಅದನ್ನು ಅವನು ಕುಡಿತಕ್ಕಾಗಲಿ ಜೂಜಿಗಾಗಲಿ ಹಾಕಿರಲಿಲ್ಲ. ಮುಖ ನೋಡದವರಿಗೆ ಬಹುಮಾನವಾಗಿ ಹಂಚಿದ್ದನು.

"ಮಾವ, ಮನೆಗೆ ಬಂದವರಿಗೆ ಕಾಫಿ ಕೊಡುವುದು ಗೊತ್ತು. ಆಟ ನೋಡಲು ಬಂದವರಿಗೆ ದುಡ್ಡು ಕೊಡುವುದನ್ನು ನಾನು ಕೇಳಿಲ್ಲ. ನಾಳೆಯೇ ಆ ಲೈನು ತೆಗೆಸಿಬಿಡುತ್ತೇನೆ" ಎಂದನು ತಂದೆ. ಹುಡುಗನು ತಲೆ ತಗ್ಗಿಸಿ ಕುಳಿತಿದ್ದನು.

ಈ ವಿಷಯವು ಕೆಲವು ಗೃಹಸ್ಥರಿಗೆ ಹೊಸದಾಗಿರಬಹುದಾದುದರಿಂದ ಸ್ವಲ್ಪ ವಿವರಿಸುವುದು ಅವಶ್ಯಕ. ತಾನು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಆಡುವ ಆಟವನ್ನು, ತನ್ನ ಮಾತಿನೊಡನೆ, ಆಡುತ್ತಿರುವಾಗಲೇ ಊರೂರಿನವರು ನೋಡುವಂತೆ ಕಳುಹಿಸುವುದಕ್ಕೆ ನೇರ ಪ್ರಸಾರವೆಂದು ಹೆಸರು. ನೋಡುವವರು ಪಕ್ಕದಲ್ಲಿರುವ ಚಾಟಿನಲ್ಲಿ ಬರೆದು ಮಾತನಾಡುತ್ತಾರೆ. ಆಡುವವನು ಆಡುತ್ತಲೇ ಉತ್ತರ ಹೇಳುತ್ತಾನೆ. ಇದಕ್ಕೆಂದೇ ಅಮೆರಿಕದಲ್ಲಿ 2011ರಲ್ಲಿ ಟ್ವಿಚ್ ಎಂಬ ತಾಣವು ಹುಟ್ಟಿತು. 2014ರಲ್ಲಿ ಅಮೆಜಾನ್ ಕಂಪನಿಯು ಅದನ್ನು ಸುಮಾರು 97 ಕೋಟಿ ಡಾಲರಿಗೆ ಕೊಂಡಿತು. ನಮ್ಮ ಹುಡುಗರು ಹೆಚ್ಚಾಗಿ ಯೂಟ್ಯೂಬನ್ನೇ ಆಶ್ರಯಿಸಿದ್ದಾರೆ. ತಾನು ಆಡದೆ ಪರರ ಆಟವನ್ನು ನೋಡುವುದೇತಕ್ಕೆ ಎಂದು ಕೇಳುವವರು, ಜಾತ್ರೆಯ ಕುಸ್ತಿಗೆ ಮುಂದಿನ ಸಾಲಿನಲ್ಲಿ ಜಾಗ ಹಿಡಿಯುವವರೆಲ್ಲರೂ ಜಟ್ಟಿಗಳೇ ಎಂಬುದನ್ನು ಯೋಚಿಸಬೇಕು.

ಚಿಕ್ಕ ಚಾನೆಲಿನವನ ಕಷ್ಟವು ಬೇರೆ. ಸಾವಿರಾರು ಮಂದಿ ನೆರೆದಿರುವ ಪ್ರಸಾರವು ಎಲ್ಲರ ಕಣ್ಣಿಗೂ ಬೀಳುತ್ತದೆ. ಇಪ್ಪತ್ತು ಮಂದಿ ಇರುವುದು ಎಲ್ಲಿಯೋ ಕೆಳಗೆ ಹುದುಗಿರುತ್ತದೆ. ಜನವಿದ್ದಲ್ಲಿಗೇ ಜನ ಬರುತ್ತಾರೆ. ಆದಕಾರಣ ನಮ್ಮ ಹುಡುಗನು ಒಂದು ಉಪಾಯ ಮಾಡಿದನು. ಅವನು ಆಡುವುದು ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಆಟ. ಅದರೊಳಗೆ ವೇಷಭೂಷಣಗಳನ್ನು ಕೊಳ್ಳಲು ಯು.ಸಿ. ಎಂಬ ನಾಣ್ಯವುಂಟು; ಅದನ್ನು ನಿಜವಾದ ಹಣ ಕೊಟ್ಟು ಪಡೆಯಬೇಕು. "ಈ ರಾತ್ರಿ ಚಾನೆಲಿಗೆ ಚಂದಾದಾರರಾದವರಲ್ಲಿ ಐವರಿಗೆ ಯು.ಸಿ." ಎಂದು ಇವನು ಸಾರಿದನು.

ನಾನು ಹಳೆಯ ಮೇಷ್ಟ್ರು. ಹಾಜರಿ ಪುಸ್ತಕವನ್ನು ನೋಡದೆ ತೀರ್ಪು ಕೊಡಲಾರೆ. "ಯಾವ ದಿವಸ ಎಷ್ಟು ಮಂದಿ ಬಂದರು, ಎಷ್ಟು ಹೊತ್ತು ಕುಳಿತರು, ತೋರಿಸು" ಎಂದೆನು. ಯೂಟ್ಯೂಬೇ ಆ ಲೆಕ್ಕವನ್ನು ಚಾನೆಲಿನವನಿಗೆ ಒದಗಿಸುತ್ತದೆ. ಸಾಧಾರಣ ರಾತ್ರಿಗಳಲ್ಲಿ ಇಪ್ಪತ್ತು, ಇಪ್ಪತ್ತೆರಡು. ಬಹುಮಾನದ ರಾತ್ರಿ ಮುನ್ನೂರಕ್ಕೆ ಮೀರಿ. ಹೆಸರುಗಳನ್ನು ಕೂಗಿದ ಐದು ನಿಮಿಷದೊಳಗೆ ಸಭೆ ಬರಿದು. ಮರುದಿನ ಹದಿನಾಲ್ಕು! ಇದು ಹೇಗೆಂದು ಕೇಳಿದಾಗ ಹುಡುಗನು ಮೆಲ್ಲಗೆ ಹೇಳಿದನು: "ಅಜ್ಜಯ್ಯ, ಮೊದಲು ಬರುತ್ತಿದ್ದ ಆರೇಳು ಮಂದಿ ಈಗ ಬರುವುದಿಲ್ಲ. ಅವರು ಆಟದ ವಿಷಯ ಕೇಳುತ್ತಿದ್ದರು. ಬಹುಮಾನದ ರಾತ್ರಿ ಚಾಟಿನಲ್ಲೆಲ್ಲಾ 'ಯು.ಸಿ. ಯಾವಾಗ, ಯು.ಸಿ. ಯಾವಾಗ' ಎಂಬುದೇ ತುಂಬಿ, ಅವರ ಪ್ರಶ್ನೆಗಳು ನನಗೆ ಕಾಣಲೇ ಇಲ್ಲ." ಆರು ಸಾವಿರಕ್ಕಿಂತ ಇದೇ ದೊಡ್ಡ ನಷ್ಟವೆಂದು ನನಗೆ ತೋರಿತು.

ಅಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದ ತಂದೆಯು ಬಾಯಿಬಿಟ್ಟನು. "ಕೊಯ್ಲಿನಲ್ಲಿ ಕೆ.ಜಿ. ಲೆಕ್ಕಕ್ಕೆ ಮೇಲುಕೂಲಿ ಕೊಟ್ಟ ದಿವಸ ಚೀಲಗಳು ತುಂಬುತ್ತವೆ, ಮಾವ. ಕಣದಲ್ಲಿ ಸುರಿದು ನೋಡಿದರೆ ಹಣ್ಣಿನ ಜೊತೆಗೆ ಹಸಿರು ಕಾಯಿ. ತಪ್ಪು ಆಳುಗಳದಲ್ಲ. ನಾವು ತೂಕಕ್ಕೆ ದುಡ್ಡು ಕೊಟ್ಟೆವು, ಅವರು ತೂಕ ತಂದರು."

ಪ್ರಕೃತ ವಿಷಯದ ಸಾರವೆಲ್ಲವೂ ಈ ಮಾತಿನಲ್ಲಿದೆ. ಯಾವುದಕ್ಕೆ ಪ್ರತಿಫಲ ಕೊಡುತ್ತೇವೆಯೋ ಅದೇ ಬೆಳೆಯುತ್ತದೆ. ಚಂದಾದಾರರ ಸಂಖ್ಯೆಗೆ ಕೊಟ್ಟರೆ ಸಂಖ್ಯೆ ಬೆಳೆದೀತು, ನೋಟಕರು ಬೆಳೆಯರು. ಇದರಲ್ಲಿ ನಾನೂ ಎಡವಿದವನೇ. ನೌಕರಿಯ ಆರಂಭದಲ್ಲಿ, ತಿಂಗಳೆಲ್ಲಾ ತಪ್ಪದೆ ಬಂದ ಮಕ್ಕಳಿಗೆ ಒಂದೊಂದು ಪೆನ್ಸಿಲೆಂದು ಸಾರಿದ್ದೆನು. ಮಳೆಗಾಲದ ಒಂದು ಬೆಳಗ್ಗೆ ಒಬ್ಬ ಬಾಲಿಕೆಯು ಜ್ವರದಿಂದ ನಡುಗುತ್ತ ಬಂದಳು. ಮನೆಗೆ ಹೋಗೆಂದರೆ "ಪೆನ್ಸಿಲು ಹೋಗುತ್ತದೆ, ಮೇಷ್ಟ್ರೇ" ಎಂದು ಅತ್ತಳು. ಅಂದೇ ಆ ಬಹುಮಾನವನ್ನು ನಿಲ್ಲಿಸಿ, ಶಾಲೆಯ ಗಂಟೆಯನ್ನು ಬಾರಿಸುವ ಕೆಲಸವನ್ನು ಸರದಿಯ ಮೇಲೆ ಮಕ್ಕಳಿಗೆ ಒಪ್ಪಿಸಿದೆನು. ಗಂಟೆಗೆ ಕಾಸಿನ ಖರ್ಚಿಲ್ಲ. ಆದರೆ ಸರದಿಯ ದಿವಸ ಮಗುವು ಎಲ್ಲರಿಗಿಂತ ಮೊದಲು ಬಂದು ನಿಂತಿರುತ್ತಿತ್ತು.

ಟ್ವಿಚ್ ತಾಣದವರು 2019ರಲ್ಲಿ ತಂದ ಚಾನೆಲ್ ಪಾಯಿಂಟುಗಳ ಪದ್ಧತಿಯೂ ಈ ಗಂಟೆಯ ಜಾತಿಯದೇ. ನೋಟಕನು ಕುಳಿತು ನೋಡಿದಷ್ಟು ಹೊತ್ತಿಗೆ ಪಾಯಿಂಟುಗಳು ಕೂಡುತ್ತವೆ. ಅವುಗಳಿಂದ ಹಣ ಬರುವುದಿಲ್ಲ. ಒಂದು ಚಾನೆಲಿನಲ್ಲಿ ಗಳಿಸಿದುದು ಇನ್ನೊಂದರಲ್ಲಿ ನಡೆಯುವುದಿಲ್ಲ. ತನ್ನ ಮಾತನ್ನು ಎದ್ದುಕಾಣುವಂತೆ ಮಾಡಿಸುವುದು, ಪ್ರಸಾರಕನಿಗೆ "ಬೆನ್ನು ನೆಟ್ಟಗೆ ಮಾಡು", "ನೀರು ಕುಡಿ" ಎಂದು ಅಪ್ಪಣೆ ಕೊಡುವುದು, ಇಂಥವುಗಳಿಗೆ ಅವುಗಳನ್ನು ವ್ಯಯಿಸಬಹುದು. ಯಾವುದಕ್ಕೆ ಎಷ್ಟು ಬೆಲೆ, ಒಂದು ಪ್ರಸಾರದಲ್ಲಿ ಎಷ್ಟು ಸಲ, ಎಂಬುದನ್ನು ಪ್ರಸಾರಕನೇ ಗೊತ್ತುಮಾಡುತ್ತಾನೆ. ಯೂಟ್ಯೂಬಿನಲ್ಲಿ ಆಡುವವರು ಸ್ಟ್ರೀಮ್‌ಎಲಿಮೆಂಟ್ಸ್ ಮೊದಲಾದ ಹೊರಗಿನ ಸಾಧನವನ್ನು ಜೋಡಿಸಿಕೊಂಡು ಇಂಥದೇ ಲೆಕ್ಕವನ್ನು ಇಡಬಹುದು.

ನಾವು ಮೂವರೂ ಆ ರಾತ್ರಿ ಕುಳಿತು ಒಂದು ಕ್ರಮವನ್ನು ಬರೆದೆವು. ಮೊದಲನೆಯದು ವೇಳೆ: ಮಂಗಳವಾರ, ಗುರುವಾರ, ಶನಿವಾರ ರಾತ್ರಿ ಎಂಟರಿಂದ ಹತ್ತು. ಮಳೆಗಾಳಿಗೆ ಕರೆಂಟು ಹೋಗುವ ಸೂಚನೆಯಿದ್ದರೆ ಮುಂಚೆಯೇ ತಿಳಿಸತಕ್ಕದ್ದು. ಹೇಳಿದ ಹೊತ್ತಿಗೆ ಬಾರದವನು ಯಾವ ಬಹುಮಾನ ಕೊಟ್ಟರೂ ವ್ಯರ್ಥ.

ಎರಡನೆಯದು ಬೆಲೆ. ಐದು ನಿಮಿಷ ನೋಡಿದರೆ 10 ಪಾಯಿಂಟು ಎಂದಿಟ್ಟೆವು. ಎರಡು ಗಂಟೆಗೆ 240 ಆಯಿತು. ಆದುದರಿಂದ, ವಿಮಾನದಿಂದ ಯಾವ ಊರಿಗೆ ಧುಮುಕಬೇಕೆಂಬುದನ್ನು ಆರಿಸುವ ಹಕ್ಕಿಗೆ 200. ಹೊಸಬನಿಗೂ ಮೊದಲ ರಾತ್ರಿಯೇ ಅದು ಎಟುಕುತ್ತದೆ. ಸೋತ ಆಟವನ್ನು ಮತ್ತೆ ತೋರಿಸಿ ತಪ್ಪೆಲ್ಲಿ ಆಯಿತೆಂದು ವಿವರಿಸುವುದಕ್ಕೆ 400. ಶನಿವಾರ ಪ್ರತ್ಯೇಕ ಕೋಣೆ ತೆರೆದು ನೋಟಕರೊಡನೆಯೇ ಆಡುವುದುಂಟು. ಅದರಲ್ಲಿ ಸ್ಥಾನಕ್ಕೆ 1000. ವಾರಕ್ಕೆ 720ರಂತೆ ಎರಡನೆಯ ವಾರದೊಳಗೆ ಅದು ಕೈಗೂಡುತ್ತದೆ. ತೀರ ಸುಲಭವಾದುದಕ್ಕೆ ಬೆಲೆಯಿಲ್ಲ; ತೀರ ದೂರದ್ದಕ್ಕೆ ಯಾರೂ ಕಾಯರು. ಒಂದೊಂದಕ್ಕೂ ಒಂದು ರಾತ್ರಿಗೆ ಇಷ್ಟೇ ಸಲವೆಂಬ ಮಿತಿಯನ್ನೂ ಹಾಕಿದೆವು. ಇಲ್ಲದಿದ್ದರೆ ಅಪ್ಪಣೆಗಳನ್ನು ನಡೆಸುವುದರಲ್ಲೇ ಆಟವು ಕೆಡುತ್ತದೆ.

ಮೂರನೆಯದು ಹೆಸರು. ಭದ್ರಾವತಿಯ ಆಕಾಶವಾಣಿ ಕೇಂದ್ರವು 1965ರಲ್ಲಿ, ನಾನು ಹುಟ್ಟಿದ ವರ್ಷವೇ, ಪ್ರಾರಂಭವಾಯಿತು. ನಮ್ಮ ಬಾಲ್ಯದಲ್ಲಿ ಒಂದು ಕಾರ್ಡು ಬರೆದು ಹಾಡನ್ನು ಕೋರಿ, ರೇಡಿಯೋದಲ್ಲಿ ತಮ್ಮ ಊರಿನ ಹೆಸರು ಬಂದೀತೆಂದು ವಾರಗಟ್ಟಲೆ ಕಿವಿಗೊಟ್ಟವರು ಎಷ್ಟು ಮಂದಿ! ಹಾಡು ಎಲ್ಲರಿಗೂ ಕೇಳಿಸುತ್ತಿತ್ತು. ಹೆಸರು ಮಾತ್ರ ಅವರದು. ಬಂದವನನ್ನು ಹೆಸರು ಹಿಡಿದು ಮಾತನಾಡಿಸುವುದು, ಅವನು ಕಳೆದ ವಾರ ಕೇಳಿದ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳುವುದು, ಇದೇ ಸಂಸ್ಕೃತದ ಅರ್ಥದ ಬಹುಮಾನ.

ನಾಲ್ಕನೆಯದು ಹಾಜರಿ: ಒಂದು ರಾತ್ರಿ ಎಷ್ಟು ಮಂದಿ ನೆರೆದರೆಂಬುದನ್ನು ಎಣಿಸುವುದಕ್ಕಿಂತ, ಮೂರನೆಯ ಸಲ ಬಂದವರು ಎಷ್ಟು ಮಂದಿ ಎಂಬುದನ್ನು ಎಣಿಸತಕ್ಕದ್ದು.

ಐದನೆಯದನ್ನು ನಾನು ಹಟಹಿಡಿದು ಬರೆಯಿಸಿದೆನು: ಯಾರಿಂದಲೂ ಪ್ರವೇಶದ ಹಣ ತೆಗೆದುಕೊಳ್ಳಕೂಡದು, ಪಾಯಿಂಟುಗಳನ್ನು ಮಾರಕೂಡದು. ಇದಕ್ಕೆ ನಮ್ಮ ನಾಡಿನದೇ ನಿದರ್ಶನವುಂಟು. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ 'ಸ್ಪೋರ್ಟಿಂಗ್ ಸ್ಟಾರ್' ಎಂಬ ಪತ್ರಿಕೆಯ ಮೂಲಕ ಪದಬಂಧದ ಸ್ಪರ್ಧೆಗಳು ನಡೆಯುತ್ತಿದ್ದುವು. ಮುಂಬಯಿ ಪ್ರಾಂತದಲ್ಲಿ ಅದಕ್ಕೆ ಬಹಳ ಪ್ರಚಾರವಿತ್ತು. ಶುಲ್ಕ ಕಟ್ಟಿ ಉತ್ತರ ಕಳುಹಿಸಿ ಬಹುಮಾನಕ್ಕಾಗಿ ಕಾಯುವುದು ಅದರ ಕ್ರಮ. ಸಂಸತ್ತು 1955ರ ಕಾಯಿದೆಯಿಂದ ಅಂಥ ಸ್ಪರ್ಧೆಗಳ ಬಹುಮಾನಕ್ಕೆ ತಿಂಗಳಿಗೆ ಒಟ್ಟು 1000 ರೂಪಾಯಿಯ ಮಿತಿ ಹಾಕಿತು. 1957ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟು ಆ ಪತ್ರಿಕೆಯ ಸ್ಪರ್ಧೆಯು ಜೂಜಿನ ಸ್ವರೂಪದ್ದೆಂದೂ, ಜೂಜನ್ನು ವ್ಯಾಪಾರವೆಂದು ಹೇಳಿ ರಕ್ಷಣೆ ಕೇಳಲಾಗದೆಂದೂ ನಿರ್ಣಯಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆಯು ಹಣ ಕಟ್ಟಿಸಿ ಹಣದ ಆಸೆ ತೋರಿಸುವ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗೆ ಮನ್ನಣೆ ಕೊಟ್ಟಿತು. ಕನ್ನಡದಲ್ಲಿ ಸಭಿಕನೆಂದರೆ ಸಭೆಯಲ್ಲಿ ಕುಳಿತವನು. ಸಂಸ್ಕೃತದಲ್ಲಿ ಜೂಜುಕಟ್ಟೆಯ ಯಜಮಾನ. ಮೃಚ್ಛಕಟಿಕದ ಎರಡನೆಯ ಅಂಕದಲ್ಲಿ ಹತ್ತು ಸುವರ್ಣಕ್ಕಾಗಿ ಸೋತವನನ್ನು ಬೆನ್ನಟ್ಟುವವನು ಅಂಥ ಸಭಿಕನೇ. ನಮ್ಮ ಹುಡುಗನು ಆ ಅರ್ಥದ ಸಭಿಕನಾಗಬಾರದು.

ಯೂಟ್ಯೂಬಿನ ನಿಯಮವೂ ಸ್ಪರ್ಧೆಗೆ ಪ್ರವೇಶ ಉಚಿತವಾಗಿರಬೇಕೆಂದೂ, ಅದರಿಂದ ಚಂದಾದಾರರ ಮತ್ತು ನೋಟಗಳ ಸಂಖ್ಯೆಯನ್ನು ಕೃತಕವಾಗಿ ಏರಿಸಬಾರದೆಂದೂ ವಿಧಿಸಿದೆ. ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಇನ್ನೊಂದನ್ನು ತಿಳಿದಿರಬೇಕು: 2025ರ ಜುಲೈ 22ರಿಂದ ಅಲ್ಲಿ ನೇರ ಪ್ರಸಾರ ಮಾಡುವವನಿಗೆ ಕನಿಷ್ಠ 16 ವರ್ಷ ತುಂಬಿರಬೇಕು.

ಆಳುಗಳ ಬಟವಾಡೆಯನ್ನು ತಂದೆಯು ಸಾಲ ತಂದು ಆ ವಾರವೇ ತೀರಿಸಿದ್ದನು. ಉಳಿದ ಕೊಯ್ಲಿನ ದಿವಸಗಳಲ್ಲಿ ಹುಡುಗನು ಬೆಳಗ್ಗೆಯೂ ರಜಾ ದಿನಗಳಲ್ಲಿಯೂ ತೂಕದ ಬಳಿ ನಿಂತು ರೈಟರ ಕೆಲಸ ಮಾಡಿ ಆ ಹಣಕ್ಕೆ ಲೆಕ್ಕ ಒಪ್ಪಿಸಿದನು. ಲೈನು ಉಳಿಯಿತು.

ಫಲವೇನಾಯಿತೆಂದು ವಾಚಕರು ಕೇಳುವರು. ಮುನ್ನೂರು ಮಂದಿ ಮತ್ತೆ ನೆರೆಯಲಿಲ್ಲ. ಹದಿನಾಲ್ಕು ಇಪ್ಪತ್ತಾಯಿತು, ಆಷಾಢದ ಹೊತ್ತಿಗೆ ಮೂವತ್ತೈದಾಯಿತು. ಆದಾಯವೆಂದು ಹೇಳತಕ್ಕದ್ದೇನೂ ಇಲ್ಲ. ಹೋದ ಆರೇಳು ಮಂದಿಯಲ್ಲಿ ನಾಲ್ವರು ಹಿಂತಿರುಗಿದರು.

ಆಷಾಢದ ಒಂದು ಗುರುವಾರ ನಾನು ಅಲ್ಲಿಯೇ ಇದ್ದೆನು. ಹೊರಗೆ ಜಡಿಮಳೆ. ಒಂಬತ್ತು ಗಂಟೆಗೆ ಎಲ್ಲಿಯೋ ಮರ ಬಿದ್ದು ಕರೆಂಟು ಹೋಯಿತು. ಪ್ರಸಾರವು ನಡುವೆ ನಿಂತುಹೋಯಿತು. ಅರ್ಧ ಗಂಟೆಯ ಮೇಲೆ ದೀಪ ಬಂದಾಗ ಹುಡುಗನು ಆಸೆಯಿಲ್ಲದೆಯೇ ಚಾನೆಲನ್ನು ತೆರೆದನು. ಚಾಟಿನಲ್ಲಿ ಹನ್ನೊಂದು ಮಂದಿ ತಮ್ಮತಮ್ಮಲ್ಲೇ ಮಾತನಾಡುತ್ತ ಕುಳಿತಿದ್ದರು. ಕಳಸದವನೊಬ್ಬನು ತಮ್ಮಲ್ಲಿಯೂ ಕರೆಂಟಿಲ್ಲವೆಂದೂ, ಮೊಬೈಲಿನ ಬ್ಯಾಟರಿ ಇರುವವರೆಗೆ ಕಾಯುವೆನೆಂದೂ ಬರೆದಿದ್ದನು. ಅಳಿಯನು ಮಗನ ಹೆಗಲ ಮೇಲಿಂದ ಬಗ್ಗಿ ಅದನ್ನು ಓದಿದನು.

"ಈ ಅರ್ಧ ಗಂಟೆಗೆ ಇವರಿಗೆ ಎಷ್ಟು ಪಾಯಿಂಟು?" ಎಂದು ಕೇಳಿದನು.

"ಪ್ರಸಾರ ನಿಂತಿರುವಾಗ ಪಾಯಿಂಟಿಲ್ಲ, ಅಪ್ಪಯ್ಯ" ಎಂದನು ಹುಡುಗ.

ಅಳಿಯನು ಸ್ವಲ್ಪ ಹೊತ್ತು ನಿಂತಿದ್ದು, "ಹಾಗಾದರೆ ಅವರನ್ನು ಕಾಯಿಸಬೇಡ, ಶುರುಮಾಡು" ಎಂದು ಹೇಳಿ, ನಮಗೆಲ್ಲ ಕಾಫಿ ತರಲು ಒಳಗೆ ಹೋದನು.