ಸರ್ವರ್ ಹೋದರೆ ಲೆಕ್ಕ ಎಲ್ಲಿ? ಪುನಃಸ್ಥಾಪನೆಯ ಯೋಜನೆ ಕುರಿತು ಕೆಲವು ವಿಚಾರ

“ಸರ್ವರ್ ಇಲ್ಲ, ನಾಳೆ ಬನ್ನಿ” ಎಂಬ ಮಾತನ್ನು ಒಮ್ಮೆಯಾದರೂ ಕೇಳದ ಬೆಳೆಗಾರರು ಈಗ ನಮ್ಮಲ್ಲಿ ಯಾರೂ ಇರಲಾರರು. ಪಹಣಿಗೆ ಹೋದರೂ ಅದೇ ಮಾತು, ಬ್ಯಾಂಕಿಗೆ ಹೋದರೂ ಅದೇ ಮಾತು. ಮರುದಿನ ಹೋದರೆ ಸರ್ವರ್ ಬಂದಿರುತ್ತದೆ, ಕೆಲಸವೂ ಆಗುತ್ತದೆ. ಆದುದರಿಂದ ನಾವು ಅದನ್ನು ಕರೆಂಟು ಹೋಗಿ ಬಂದಂತೆ ಎಂದು ತಿಳಿದು ಸುಮ್ಮನಾಗುತ್ತೇವೆ. ಆದರೆ ನಾಳೆಯೂ ಬರಲಿಲ್ಲ, ನಾಡಿದ್ದೂ ಬರಲಿಲ್ಲ, ಅದರೊಳಗೆ ಇದ್ದುದೆಲ್ಲ ಇನ್ನೆಂದಿಗೂ ಬರುವುದಿಲ್ಲ ಎಂದಾದರೆ ಮಾಡುವುದೇನು? ಈ ಪ್ರಶ್ನೆಗೆ ಮುಂಚಿತವಾಗಿ ಬರೆದಿಟ್ಟ ಉತ್ತರವನ್ನೇ ಪುನಃಸ್ಥಾಪನೆಯ ಯೋಜನೆ ಎನ್ನುತ್ತಾರೆ. ಈ ಸಂಚಿಕೆಯಲ್ಲಿ ಅದನ್ನು ಸದಸ್ಯರಿಗೆ ತಿಳಿಯುವಂತೆ ವಿವರಿಸಲು ಯತ್ನಿಸಿದ್ದೇವೆ.

ಸರ್ವರ್ ಎಂದರೆ ಬೇರೇನೂ ಅಲ್ಲ, ಹಲವರಿಗೆ ಸೇವೆ ಸಲ್ಲಿಸುವ ಒಂದು ಗಣಕಯಂತ್ರ. ಇಂದು ಕಂಪನಿಗಳಲ್ಲಿ ಪತ್ರವ್ಯವಹಾರ, ಸಭೆಯ ನಡವಳಿ, ಕೆಲಸದ ಹಂಚಿಕೆ, ಕಡತಗಳು ಎಲ್ಲವನ್ನೂ ಇಂತಹ ಯಂತ್ರದಲ್ಲಿಟ್ಟು, ಹತ್ತು ಊರಿನಲ್ಲಿ ಕುಳಿತ ನೂರು ಜನ ಒಂದೇ ಕಡತವನ್ನು ತೆರೆದು ಕೂಡಿ ಬರೆಯುತ್ತಾರೆ. ಇದಕ್ಕೆ ಬಳಸುವುದೇ ಸಹಯೋಗದ ತಂತ್ರಾಂಶ. ಎಲ್ಲರ ಬರಹವೂ ಒಂದೆಡೆ ಇರುವುದು ಇದರ ಅನುಕೂಲ. ಇದರ ಅಪಾಯವೂ ಅದೇ.

ಒಂದೇ ಕಟ್ಟಡದಲ್ಲಿ ಎಲ್ಲವೂ

2025ರ ಸೆಪ್ಟೆಂಬರ್ 26ರ ರಾತ್ರಿ ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ ಅಲ್ಲಿನ ಸರ್ಕಾರದ ಗಣಕ ಕೇಂದ್ರಕ್ಕೆ ಬೆಂಕಿ ಬಿದ್ದಿತು. ವಿದ್ಯುತ್ ಹೋದಾಗ ಯಂತ್ರಗಳನ್ನು ನಡೆಸಲೆಂದು ಇಟ್ಟಿದ್ದ ಲಿಥಿಯಂ ಬ್ಯಾಟರಿಗಳನ್ನು, ಬೆಂಕಿಯ ಭಯದಿಂದಲೇ, ಬೇರೆಡೆಗೆ ಸಾಗಿಸುವ ಕೆಲಸ ನಡೆದಿತ್ತು. ಆ ಕೆಲಸದ ನಡುವೆಯೇ ಬೆಂಕಿ ಹತ್ತಿತು. ಅದನ್ನು ಪೂರ್ತಿ ಆರಿಸಲು ಸುಮಾರು 22 ಗಂಟೆ ಹಿಡಿಯಿತು. ದೇಶದ 600ಕ್ಕೂ ಹೆಚ್ಚು ಸರ್ಕಾರಿ ಸೇವೆಗಳು ಒಮ್ಮೆಗೇ ನಿಂತವು.

ನಿಂತ ಸೇವೆಗಳನ್ನು ಕಾಲಕ್ರಮದಲ್ಲಿ ಮತ್ತೆ ಎಬ್ಬಿಸಬಹುದು. ಆದರೆ ‘ಜಿ-ಡ್ರೈವ್’ ಎಂಬುದೊಂದು ಮತ್ತೆ ಏಳದಂತೆ ಸುಟ್ಟುಹೋಯಿತು. ಅದು ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಟ್ಟು ಹಂಚಿಕೊಳ್ಳುತ್ತಿದ್ದ ಸಾಮೂಹಿಕ ಉಗ್ರಾಣ. ಒಬ್ಬೊಬ್ಬರಿಗೆ 30 ಗಿಗಾಬೈಟ್ ಜಾಗ. ಒಟ್ಟು ಸಂಗ್ರಹ 858 ಟೆರಾಬೈಟ್. ಬೇರೊಂದು ಊರಿನಲ್ಲಿ ಅದರ ಪ್ರತಿ ಇತ್ತೇ ಎಂದರೆ ಇರಲಿಲ್ಲ. ಸಂಗ್ರಹ ಬಹಳ ದೊಡ್ಡದು, ಆದುದರಿಂದ ಹೊರಗಡೆ ಪ್ರತಿ ಇಡುವ ವ್ಯವಸ್ಥೆಯಾಗಿರಲಿಲ್ಲ ಎಂಬುದೇ ಅಧಿಕಾರಿಗಳು ಕೊಟ್ಟ ಕಾರಣ. ಕಡತಗಳನ್ನು ಮೇಜಿನ ಮೇಲಿನ ಯಂತ್ರದಲ್ಲಿ ಇಡಬೇಡಿ, ಉಗ್ರಾಣದಲ್ಲೇ ಇಡಿ ಎಂಬ ಸೂಚನೆಯನ್ನು ಚಾಚೂ ತಪ್ಪದೆ ಪಾಲಿಸಿದ ಇಲಾಖೆಗೇ ಹೆಚ್ಚು ಪೆಟ್ಟು ಬಿದ್ದಿತು. ದೊಡ್ಡದು ಎಂಬ ಕಾರಣಕ್ಕೆ ಪ್ರತಿ ಮಾಡದೆ ಬಿಟ್ಟದ್ದು, ದೊಡ್ಡದು ಎಂಬ ಕಾರಣಕ್ಕೇ ದೊಡ್ಡ ನಷ್ಟವಾಯಿತು.

ಕನ್ನಡಿಯು ಪ್ರತಿಯಲ್ಲ

ಹಾಗಾದರೆ ಹತ್ತು ಊರುಗಳಲ್ಲಿ ಹತ್ತು ಸರ್ವರ್ ಇಟ್ಟು, ಒಂದರಲ್ಲಿ ಬರೆದುದು ಉಳಿದವುಗಳಲ್ಲಿ ಆ ಕ್ಷಣವೇ ಮೂಡುವಂತೆ ಮಾಡಿದರೆ ಸಾಕಲ್ಲವೇ ಎಂದು ಕೆಲವರು ಕೇಳಬಹುದು. ಬೆಂಕಿಗೆ ಇದು ಸಾಕು. ಆದರೆ ಎಲ್ಲ ಆಪತ್ತೂ ಬೆಂಕಿಯಲ್ಲ.

ನಮ್ಮ ಕಾಫಿಯೂ ಸೇರಿದಂತೆ ಲೋಕದ ಸರಕನ್ನು ಹೊತ್ತೊಯ್ಯುವ ಡೆನ್ಮಾರ್ಕಿನ ಮೇರ್ಸ್ಕ್ ಹಡಗು ಕಂಪನಿಯನ್ನು 2017ರ ಜೂನ್ 27ರಂದು ಒಂದು ವಿನಾಶಕಾರಿ ತಂತ್ರಾಂಶ ಹೊಕ್ಕಿತು. ಮುಂಬಯಿಯ ಬಳಿ ಜವಾಹರಲಾಲ್ ನೆಹರೂ ಬಂದರಿನಲ್ಲಿ ಆ ಸಮೂಹಕ್ಕೆ ಸೇರಿದ್ದ ಟರ್ಮಿನಲಿನಲ್ಲಿಯೂ ಕೆಲಸ ನಿಂತಿತು. ಯಾರು ಯಾವ ಕಡತ ತೆರೆಯಬಹುದೆಂದು ನೋಡಿಕೊಳ್ಳುವ, ದ್ವಾರಪಾಲಕರಂತಹ ಸರ್ವರುಗಳು ಆ ಕಂಪನಿಗೆ ಲೋಕದಾದ್ಯಂತ ಸುಮಾರು 150 ಇದ್ದವು. ಒಂದು ಕೆಟ್ಟರೆ ಇನ್ನೊಂದಿದೆ ಎಂಬ ಧೈರ್ಯದಲ್ಲಿ ಅವುಗಳನ್ನು ಒಂದಕ್ಕೊಂದು ಕನ್ನಡಿಯಂತೆ ಹೊಂದಿಸಿದ್ದರು. ಎಲ್ಲವೂ ಒಟ್ಟಿಗೇ ಅಳಿಸಿಹೋಗಬಹುದೆಂದು ಯಾರೂ ಯೋಚಿಸಿರಲಿಲ್ಲ.

ಉಳಿದದ್ದು ಒಂದೇ ಒಂದು, ಆಫ್ರಿಕದ ಘಾನಾ ದೇಶದಲ್ಲಿ. ಅದಕ್ಕೆ ಕಾರಣ ಯಾರ ಜಾಣತನವೂ ಅಲ್ಲ. ಪಿಡುಗು ಹರಡುವ ಹೊತ್ತಿಗೆ ಅಲ್ಲಿ ಕರೆಂಟು ಹೋಗಿತ್ತು! ಸಂಪರ್ಕ ಕಡಿದಿದ್ದುದರಿಂದ ಆ ಯಂತ್ರ ಬದುಕಿತು. ಅದರ ಸಂಗ್ರಹವನ್ನು ತಂತಿಯ ಮೂಲಕ ಕಳಿಸಲು ಬಹಳ ದಿನ ಬೇಕಾದೀತೆಂದು, ಕೊನೆಗೆ ಮನುಷ್ಯರೇ ಕೈಯಲ್ಲಿ ಹಿಡಿದು ನೈಜೀರಿಯದ ಮಾರ್ಗವಾಗಿ ವಿಮಾನದಲ್ಲಿ ಇಂಗ್ಲೆಂಡಿಗೆ ಮುಟ್ಟಿಸಿದರು. ಅನಂತರ ಸುಮಾರು ಹತ್ತು ದಿನಗಳಲ್ಲಿ 4,000 ಸರ್ವರುಗಳನ್ನೂ 45,000 ಗಣಕಯಂತ್ರಗಳನ್ನೂ ಹೊಸದಾಗಿ ಸಜ್ಜುಗೊಳಿಸಬೇಕಾಯಿತು.

ಕನ್ನಡಿ ನಗುವವನಿಗೆ ನಗುವನ್ನೂ ಅಳುವವನಿಗೆ ಅಳುವನ್ನೂ ತೋರಿಸುತ್ತದೆ. ಇಲ್ಲಿ ತಪ್ಪಾಗಿ ಅಳಿಸಿದ್ದು ಅಲ್ಲಿಯೂ ಆ ಕ್ಷಣವೇ ಅಳಿಯುತ್ತದೆ. ಆದುದರಿಂದ ಕನ್ನಡಿ ಎಷ್ಟಿದ್ದರೂ, ಸಂಪರ್ಕದಿಂದ ಕಳಚಿಟ್ಟ ಒಂದು ಪ್ರತಿ ಬೇರೆಯೇ ಇರತಕ್ಕದ್ದು.

ತೆರೆದು ನೋಡದ ಪ್ರತಿ

ಈಗ ಮುಖ್ಯ ಮಾತಿಗೆ ಬರೋಣ. ‘ಗಿಟ್‌ಲ್ಯಾಬ್’ ಎಂಬುದು ತಂತ್ರಾಂಶ ಬರೆಯುವವರು ಕೂಡಿ ಕೆಲಸ ಮಾಡಲು ಬಳಸುವ ಪ್ರಸಿದ್ಧ ಸೇವೆ. 2017ರ ಜನವರಿ 31ರ ರಾತ್ರಿ ಅದರ ಎರಡು ಸರ್ವರುಗಳ ನಡುವಿನ ಹೊಂದಾಣಿಕೆ ತಪ್ಪಿತು. ಸರಿಪಡಿಸಲು ಕುಳಿತ ಕೆಲಸಗಾರರೊಬ್ಬರು, ಎರಡನೆಯ ಯಂತ್ರದಲ್ಲಿ ಅಳಿಸಬೇಕಾದುದನ್ನು ಕಣ್ತಪ್ಪಿನಿಂದ ಮೊದಲನೆಯದರಲ್ಲಿ ಅಳಿಸಿದರು. ಒಂದೆರಡು ಸೆಕೆಂಡಿನಲ್ಲಿ ಎಚ್ಚೆತ್ತು ತಡೆಯುವಷ್ಟರಲ್ಲಿ ಸುಮಾರು 300 ಗಿಗಾಬೈಟಿನ ಪೈಕಿ ಉಳಿದದ್ದು 4.5 ಗಿಗಾಬೈಟ್ ಮಾತ್ರ.

ಪ್ರತಿಗಳಿವೆಯಲ್ಲ ಎಂದು ಹುಡುಕಿದರು. ದಿನಂಪ್ರತಿ ಪ್ರತಿ ತೆಗೆಯುವ ವ್ಯವಸ್ಥೆ ಇತ್ತು. ಆದರೆ ಆವೃತ್ತಿ ಹೊಂದದ ಕಾರಣ ಅದು ಕೆಲಸ ಮಾಡಿಯೇ ಇರಲಿಲ್ಲ, ಸಂಗ್ರಹದ ಪೆಟ್ಟಿಗೆ ಬರಿದಾಗಿತ್ತು. ಕೆಲಸ ಕೆಟ್ಟಾಗ ಎಚ್ಚರಿಕೆಯ ಪತ್ರ ಬರಬೇಕಿತ್ತು. ಆ ಪತ್ರಗಳನ್ನು ಅಂಚೆಯ ವ್ಯವಸ್ಥೆಯೇ ತಿರಸ್ಕರಿಸುತ್ತಿತ್ತು, ಯಾರಿಗೂ ತಲುಪಲಿಲ್ಲ. ಇನ್ನೊಂದು ಬಗೆಯ ಪ್ರತಿಯ ಸೌಲಭ್ಯವನ್ನು ಆ ಸರ್ವರಿಗೆ ಅಳವಡಿಸಿಯೇ ಇರಲಿಲ್ಲ. ಕೊನೆಗೆ ಕೈಹಿಡಿದದ್ದು, ಬೇರೊಂದು ಪರೀಕ್ಷೆಗಾಗಿ ಸುಮಾರು ಆರು ಗಂಟೆ ಮುಂಚೆ ಅಕಸ್ಮಾತ್ತಾಗಿ ತೆಗೆದಿದ್ದ ಒಂದು ಪ್ರತಿ. ಅದನ್ನು ಮರಳಿ ತುಂಬಿಸಲು ಮರುದಿನದ ಸಂಜೆಯಾಯಿತು. ನಡುವಿನ ಆರು ಗಂಟೆಗಳ ಬರಹ ಹೋಯಿತು. ಪ್ರತಿಗಳನ್ನು ಪರೀಕ್ಷಿಸುವ ಹೊಣೆ ನಿರ್ದಿಷ್ಟವಾಗಿ ಯಾರ ಮೇಲೂ ಇರಲಿಲ್ಲ ಎಂಬುದನ್ನು ಆ ಕಂಪನಿಯೇ ಮುಚ್ಚುಮರೆಯಿಲ್ಲದೆ ಪ್ರಕಟಿಸಿತು. ಇದು ಮೆಚ್ಚತಕ್ಕ ಮಾತು.

ಇದನ್ನು ನಮ್ಮ ಬೆಳೆಗಾರರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಬೋರ್ಡೋ ದ್ರಾವಣ ತಯಾರಿಸುವಾಗ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂದು ಲೆಕ್ಕ ಹಾಕಿ ಬೆರೆಸಿದರೂ, ಚೂರಿಯ ಅಲಗನ್ನು ಅದ್ದಿ ನೋಡದೆ ನಾವು ಮರಕ್ಕೆ ಹೊಡೆಯುವುದಿಲ್ಲ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದೆಂದು ತಿಳಿಯುತ್ತೇವೆ. ಬಣ್ಣ ನೀಲಿಯಾಗಿದೆ, ಡ್ರಮ್ಮು ತುಂಬಿದೆ ಎಂದು ತೃಪ್ತಿಪಟ್ಟವರ ತೋಟದ ಗತಿ ಆಷಾಢದ ಮಳೆಯಲ್ಲಿ ತಿಳಿಯುತ್ತದೆ. ತೆರೆದು ನೋಡದ ಪ್ರತಿಯೂ ಅದ್ದಿ ನೋಡದ ದ್ರಾವಣವೂ ಒಂದೇ.

ಎಷ್ಟು ದಿನ ಕಾಯಬಹುದು?

ಪ್ರತಿ ಇದ್ದು, ಅದು ಸರಿಯಾಗಿಯೂ ಇದ್ದು, ಆದರೂ ಬಹಳ ದಿನ ತೊಳಲಿದ ಉದಾಹರಣೆಯೂ ಉಂಟು. ಸಹಯೋಗದ ತಂತ್ರಾಂಶದಲ್ಲಿ ಹೆಸರಾದ ಆಸ್ಟ್ರೇಲಿಯದ ಅಟ್ಲಾಸಿಯನ್ ಕಂಪನಿ 2022ರ ಏಪ್ರಿಲ್ 5ರಂದು ಬಳಕೆಯಲ್ಲಿಲ್ಲದ ಒಂದು ಭಾಗವನ್ನು ತೆಗೆಯಹೋಗಿ, ತಪ್ಪು ಪಟ್ಟಿ ಕೈಸೇರಿದ್ದರಿಂದ 775 ಗ್ರಾಹಕರ ತಾಣಗಳನ್ನೇ ಅಳಿಸಿಹಾಕಿತು. ಅಳಿಸಲು ಹಿಡಿದದ್ದು ಅರ್ಧ ಗಂಟೆಗಿಂತ ಕಡಿಮೆ. ಎಲ್ಲರದನ್ನೂ ಮರಳಿ ಕೊಡುವಾಗ ಏಪ್ರಿಲ್ 18 ಆಗಿತ್ತು.

ಒಂದು ತಾಣವನ್ನು ಮರಳಿ ನಿಲ್ಲಿಸುವ ಅಭ್ಯಾಸ ಅವರಿಗಿತ್ತು. ನೂರಾರನ್ನು ಒಟ್ಟಿಗೆ ನಿಲ್ಲಿಸುವ ಅಭ್ಯಾಸ ಇರಲಿಲ್ಲ. ಇನ್ನೊಂದು ತೊಡಕೆಂದರೆ, ತಾಣದೊಂದಿಗೆ ಗ್ರಾಹಕರ ವಿಳಾಸವೂ ಅಳಿಸಿಹೋದ ಕಾರಣ ನೊಂದವರಿಗೆ ಸುದ್ದಿ ಮುಟ್ಟಿಸುವುದೇ ಕಷ್ಟವಾಯಿತು. ಮನೆಯ ಬೀಗದ ಕೈಯನ್ನು ಮನೆಯೊಳಗೇ ಇಟ್ಟು ಬಾಗಿಲು ಎಳೆದುಕೊಂಡಂತೆ!

ಯೋಜನೆಯಲ್ಲಿ ಇರತಕ್ಕ ಅಂಶಗಳು

ಮೇಲ್ಕಂಡ ಉದಾಹರಣೆಗಳಿಂದ ತಿಳಿದುಬರುವುದನ್ನು ಈ ಕೆಳಗೆ ಕ್ರಮವಾಗಿ ಕೊಟ್ಟಿದ್ದೇವೆ.

(1) ಎಷ್ಟು ಹೊತ್ತಿನ ಬರಹ ಹೋದರೆ ತಡೆದುಕೊಳ್ಳಬಹುದು ಎಂಬುದನ್ನು ಮೊದಲು ನಿರ್ಧರಿಸಬೇಕು. ಒಂದು ದಿನದ್ದು ಹೋದರೆ ರಸೀದಿ ನೋಡಿ ಮತ್ತೆ ಬರೆಯಬಹುದು ಎಂದಾದರೆ ದಿನಕ್ಕೊಂದು ಪ್ರತಿ ಸಾಕು. ಒಂದು ಗಂಟೆಗಿಂತ ಹೆಚ್ಚಿನದು ಹೋಗಕೂಡದು ಎಂದಾದರೆ ಗಂಟೆಗೊಂದು ಪ್ರತಿ ಬೇಕು, ಅದಕ್ಕೆ ತಕ್ಕ ಖರ್ಚೂ ಬೇಕು.

(2) ಎಷ್ಟು ಹೊತ್ತಿನೊಳಗೆ ಕೆಲಸ ಪುನಃ ಆರಂಭವಾಗಬೇಕು ಎಂಬುದು ಬೇರೆಯೇ ಪ್ರಶ್ನೆ. ಒಂದು ಟೆರಾಬೈಟ್ ಸಂಗ್ರಹವನ್ನು ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ದೂರದಿಂದ ಮರಳಿ ತರಲು, ವೇಗ ಎಲ್ಲೂ ಕುಗ್ಗದಿದ್ದರೂ, ಸುಮಾರು 22 ಗಂಟೆ ಬೇಕು. ನಮ್ಮ ಕಡೆಯ ಸಂಪರ್ಕ ಮಳೆಗಾಲದಲ್ಲಿ ಹೇಗಿರುತ್ತದೆಂದು ಸದಸ್ಯರಿಗೆ ತಿಳಿದೇ ಇದೆ.

(3) ಮೂಲವೂ ಸೇರಿ ಮೂರು ಪ್ರತಿ, ಎರಡು ಬಗೆಯ ಸಾಧನ, ಅವುಗಳಲ್ಲಿ ಒಂದು ಪ್ರತಿ ಬೇರೆ ಊರಿನಲ್ಲಿ: ಇದು ತಜ್ಞರು ಬಹುಕಾಲದಿಂದ ಹೇಳುತ್ತ ಬಂದ ಸೂತ್ರ. ಒಂದನ್ನಾದರೂ ಸಂಪರ್ಕದಿಂದ ಕಳಚಿಟ್ಟಿರಬೇಕು.

(4) ಯಾವುದನ್ನು ಮೊದಲು ಎಬ್ಬಿಸಬೇಕು ಎಂಬ ಅನುಕ್ರಮ ಬರೆದಿಡಬೇಕು. ಒಳಗೆ ಬಿಡುವ ದ್ವಾರಪಾಲಕ ಸರ್ವರ್ ಏಳದೆ ಕಡತದ ಸರ್ವರ್ ಎದ್ದರೂ ತೆರೆಯುವವರಿಲ್ಲ.

(5) ಈ ಯೋಜನೆ, ದೂರವಾಣಿ ಸಂಖ್ಯೆಗಳು, ಗುಪ್ತಪದಗಳ ಮೊಹರು ಮಾಡಿದ ಲಕೋಟೆ, ಇವು ಕಾಗದದಲ್ಲಿಯೂ ಇರಬೇಕು. ಯೋಜನೆಯನ್ನು ಆ ಸರ್ವರಿನಲ್ಲೇ ಇಟ್ಟರೆ ಆಪತ್ತಿನ ದಿನ ಅದೂ ದೊರೆಯುವುದಿಲ್ಲ.

(6) ಹೆಸರಿಟ್ಟು ಒಬ್ಬರಿಗೆ ಹೊಣೆ, ಅವರಿಲ್ಲದಾಗ ಇನ್ನೊಬ್ಬರಿಗೆ ಹೊಣೆ. ನಿಗದಿಯಾದ ದಿನಗಳಲ್ಲಿ ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು, ಮರಳಿ ನಿಲ್ಲಿಸಿ, ಹಿಡಿದ ಸಮಯವನ್ನು ಬರೆದಿಡಬೇಕು. ಉಳಿದ ಐದೂ ಇದ್ದು ಇದೊಂದು ಇಲ್ಲದಿದ್ದರೆ ಯೋಜನೆ ಇಲ್ಲವೆಂದೇ ತಿಳಿಯತಕ್ಕದ್ದು.

ನಮ್ಮಲ್ಲಿ ಕಂಡದ್ದು

ಇಷ್ಟು ಹೇಳಿದ ಮೇಲೆ ನಮ್ಮ ಸಂಘದ ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ. ಸದಸ್ಯರ ಷೇರು, ಸಾಲದ ಕಂತು, ಅಡಿಕೆ ಮತ್ತು ಕಾಫಿಯ ತೂಕದ ಲೆಕ್ಕ, ಆಡಳಿತ ಮಂಡಳಿಯ ನಡವಳಿ ಇವೆಲ್ಲ ಈಗ ಯಂತ್ರದಲ್ಲಿವೆ. ಪ್ರತಿ ಸಂಜೆ ಒಂದು ಸಣ್ಣ ಡಿಸ್ಕಿಗೆ ಪ್ರತಿ ತೆಗೆದು ಕಪಾಟಿನಲ್ಲಿ ಇಡುತ್ತಿದ್ದೆವು. ಪುಸ್ತಕದಲ್ಲಿ ರುಜುವನ್ನೂ ಹಾಕುತ್ತಿದ್ದೆವು. ಈ ಲೇಖನಕ್ಕಾಗಿ ಓದುತ್ತಿದ್ದಾಗ ಮನಸ್ಸಿಗೆ ಅಳುಕು ಬಂದು, ಒಂದು ಶನಿವಾರ ಮಧ್ಯಾಹ್ನ ಅದನ್ನು ಹಳೆಯ ಯಂತ್ರವೊಂದರಲ್ಲಿ ತೆರೆಯಲು ಕುಳಿತೆವು.

ಡಿಸ್ಕ್ ತುಂಬಿಹೋಗಿ, ಏಳು ತಿಂಗಳಿನಿಂದ ಅದಕ್ಕೆ ಹೊಸದೇನೂ ಸೇರಿಯೇ ಇರಲಿಲ್ಲ. ಪುಸ್ತಕದಲ್ಲಿ ಮಾತ್ರ ರುಜು ಒಂದು ದಿನವೂ ತಪ್ಪಿರಲಿಲ್ಲ. ಅವುಗಳಲ್ಲಿ ಅರ್ಧ ನಮ್ಮದೇ. ಸಾಲದ ಲೆಕ್ಕ ತೆರೆಯುವ ಗುಪ್ತಪದ ತಿಳಿದಿದ್ದ ಗುಮಾಸ್ತರು ರಜೆಯ ಮೇಲೆ ಊರಿಗೆ ಹೋಗಿದ್ದರು. ಕಪಾಟು ಇರುವುದೂ ಸರ್ವರಿನ ಕೋಣೆಯಲ್ಲೇ, ಸೋರುವ ಮೂಲೆಯಿಂದ ನಾಲ್ಕು ಅಡಿ ದೂರದಲ್ಲಿ. ಆ ಏಳು ತಿಂಗಳಲ್ಲಿ ಸಿಡಿಲು ಬಿದ್ದಿದ್ದರೆ, ಕಂತು ಕಟ್ಟಿದ್ದೇನೆ ಎನ್ನುವ ಸದಸ್ಯರಿಗೆ ಅವರ ಕೈಯಲ್ಲಿದ್ದ ರಸೀದಿಯ ಹೊರತು ಬೇರೆ ಆಧಾರವಿರುತ್ತಿರಲಿಲ್ಲ. ಸಿಡಿಲು ಬೀಳಲಿಲ್ಲ ಎಂಬುದು ನಮ್ಮ ದಕ್ಷತೆಯಲ್ಲ.

ಈಗ ಎರಡು ಡಿಸ್ಕುಗಳನ್ನು ವಾರಕ್ಕೊಮ್ಮೆ ಅದಲುಬದಲು ಮಾಡಿ, ಒಂದನ್ನು ಬೇರೆ ಊರಿನ ಶಾಖೆಯಲ್ಲಿ ಇಡಲಾಗುತ್ತಿದೆ. ಮೂರು ತಿಂಗಳಿಗೊಮ್ಮೆ ತೆರೆದು ನೋಡಬೇಕೆಂದು ಆಡಳಿತ ಮಂಡಳಿ ನಿರ್ಣಯಿಸಿದೆ. ಮೊದಲ ಸಲ ಮರಳಿ ನಿಲ್ಲಿಸಲು ಐದು ಗಂಟೆ ಹಿಡಿಯಿತು. ಎರಡನೆಯ ಸಲ ಎರಡೂವರೆ.

ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ ಎರಡು. ರಸೀದಿಗಳನ್ನು ಯಂತ್ರದ ಮೇಲಿನ ನಂಬಿಕೆಯಿಂದ ಎಸೆಯಬೇಡಿ. ಮುಂದಿನ ಮಹಾಸಭೆಯಲ್ಲಿ ಲಾಭಾಂಶ ಎಷ್ಟೆಂದು ಕೇಳುವಾಗ, ಪ್ರತಿಯನ್ನು ಕಳೆದ ಬಾರಿ ತೆರೆದು ನೋಡಿದ್ದು ಯಾವ ದಿನ ಎಂಬುದನ್ನೂ ಕೇಳಿ. “ಪ್ರತಿ ಇದೆ” ಎಂದಷ್ಟೇ ಉತ್ತರ ಬಂದರೆ ಕುಳಿತುಕೊಳ್ಳಬೇಡಿ. ತಾರೀಕು ಕೇಳಿ.