ಸೇಡು ಬಿಟ್ಟ ಪಠಾಣರು

ವಾಯವ್ಯ ಗಡಿನಾಡಿನ ಪಠಾಣರ ಬದುಕು ನಡೆಯುತ್ತಿದ್ದುದು ಪಖ್ತೂನ್‌ವಾಲಿ ಎಂಬ ಅಲಿಖಿತ ಕಟ್ಟಳೆಯಂತೆ. ಮನೆಗೆ ಬಂದವರನ್ನು ಸತ್ಕರಿಸುವುದು, ಮೊರೆಹೊಕ್ಕವರನ್ನು ಕಾಯುವುದು ಅದರಲ್ಲಿ ಎಷ್ಟು ಕಡ್ಡಾಯವೋ ಅವಮಾನಕ್ಕೆ ಸೇಡು ತೀರಿಸಿಕೊಳ್ಳುವುದೂ ಅಷ್ಟೇ ಕಡ್ಡಾಯ. ಹಗೆಯು ತಂದೆಯಿಂದ ಮಗನಿಗೆ ಇಳಿದುಬರುತ್ತಿದ್ದ ಈ ಸಮಾಜದಲ್ಲಿ, ಪೇಶಾವರಕ್ಕೆ ಸಮೀಪದ ಉತ್ಮಾನ್‌ಝೈ ಗ್ರಾಮದ ಜಮೀನ್ದಾರರ ಮನೆಯಲ್ಲಿ 1890ರಲ್ಲಿ ಖಾನ್ ಅಬ್ದುಲ್ ಗಫಾರ್ ಖಾನ್ ಹುಟ್ಟಿದರು.

‘ಗಡಿನಾಡ ಗಾಂಧಿ’ ಎಂದೇ ಅವರನ್ನು ಕರೆಯುವ ರೂಢಿಯಲ್ಲಿ ಒಂದು ಮುಖ್ಯ ಸಂಗತಿ ಮರೆಯಾಗುತ್ತದೆ. ಗಾಂಧೀಜಿಯ ಒಡನಾಟಕ್ಕೆ ಬಹಳ ಮೊದಲು, 1910ರಲ್ಲೇ, ಅವರು ಹುಟ್ಟೂರಿನಲ್ಲಿ ಶಾಲೆ ತೆರೆದಿದ್ದರು. ಅವರ ಅಹಿಂಸೆಯ ಬೇರು ಇದ್ದದ್ದು ಇಸ್ಲಾಮಿನಲ್ಲಿಯೇ. ಮೆಕ್ಕಾದಲ್ಲಿ ಕಿರುಕುಳ, ಅವಹೇಳನಗಳನ್ನು ಪ್ರವಾದಿ ಮುಹಮ್ಮದರು ತಾಳ್ಮೆಯಿಂದ ಎದುರಿಸಿದ್ದನ್ನು ಅವರು ಪಠಾಣರಿಗೆ ನೆನಪಿಸುತ್ತಿದ್ದರು. ಹೊರಗಿನಿಂದ ತಂದ ಉಪದೇಶವಾಗಿದ್ದರೆ ಆ ಜನ ಕಿವಿಗೊಡುತ್ತಿದ್ದರೆಂದು ನಂಬುವುದು ಕಷ್ಟ.

1929ರಲ್ಲಿ ಅವರು ಕಟ್ಟಿದ ದಳ ಖುದಾಯಿ ಖಿದ್ಮತ್‌ಗಾರ್, ಅಂದರೆ ದೇವರ ಸೇವಕರು. ಹಿಂಸೆ ಮಾಡುವುದಿಲ್ಲ, ಸೇಡು ತೀರಿಸುವುದಿಲ್ಲ, ಹಿಂಸಿಸಿದವರನ್ನು ಕ್ಷಮಿಸುತ್ತೇನೆ, ದಿನಕ್ಕೆ ಎರಡು ಗಂಟೆಯಾದರೂ ಜನಸೇವೆ ಮಾಡುತ್ತೇನೆ ಎಂದು ಸೇರುವವರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬೇಕಿತ್ತು. ಕೊಟ್ಟ ಮಾತಿಗೆ ತಪ್ಪುವುದು ಪಠಾಣನಿಗೆ ಸಾವಿಗಿಂತ ಕೀಳು. ಸೇಡನ್ನು ಸಾಕಿದ್ದ ಆ ಮಾನವೇ ಈಗ ಸೇಡಿಗೆ ಅಡ್ಡ ನಿಂತಿತು. ಗಫಾರ್ ಖಾನರ ದೊಡ್ಡ ಜಾಣ್ಮೆಯೆಂದರೆ ಇದೇ. ಬಿಳಿ ಬಟ್ಟೆ ಬೇಗ ಕೊಳೆಯಾಗುತ್ತದೆಂದು ಇಟ್ಟಿಗೆಗೆಂಪು ಬಣ್ಣ ಹಾಕಿದ ಸಮವಸ್ತ್ರ, ಕವಾಯತು, ಹುದ್ದೆಗಳು ಎಲ್ಲವೂ ಸೈನ್ಯದಂತೆಯೇ ಇದ್ದವು, ಆಯುಧ ಮಾತ್ರ ಇರಲಿಲ್ಲ. ಹಿಂದೂಗಳೂ ಸಿಖ್ಖರೂ ಸೇರಿದರು.

ಗಫಾರ್ ಖಾನರ ಬಂಧನವಾದಾಗ, 1930ರ ಏಪ್ರಿಲ್ 23ರಂದು ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ಜನ ನೆರೆದರು. ಬ್ರಿಟಿಷ್ ಪಡೆ ಗುಂಡು ಹಾರಿಸಿತು. ಸತ್ತವರ ಸಂಖ್ಯೆಯನ್ನು ಸರ್ಕಾರ ಕಡಿಮೆ ತೋರಿಸಿತು. ನೂರಾರು ಎಂದು ಜನ ಹೇಳಿದರು. ಚಂದ್ರಸಿಂಹ ಗಢವಾಲಿಯ ನೇತೃತ್ವದಲ್ಲಿ ಗಢವಾಲ್ ರೈಫಲ್ಸ್‌ನ ಸೈನಿಕರು ನಿರಾಯುಧರ ಮೇಲೆ ಗುಂಡು ಹಾರಿಸಲು ಒಪ್ಪದೆ ಕಠಿಣ ಶಿಕ್ಷೆಗೆ ಗುರಿಯಾದರು. ಶಾಂತಿಯ ಪ್ರಮಾಣ ಎದುರು ನಿಂತ ಸಿಪಾಯಿಗಳ ಮನಸ್ಸನ್ನೂ ತಟ್ಟಬಲ್ಲದೆಂದು ಅಂದು ಕಂಡಿತು.

ದೇಶ ವಿಭಜನೆಯನ್ನು ಗಫಾರ್ ಖಾನರು ಕೊನೆಯವರೆಗೂ ವಿರೋಧಿಸಿದ್ದರು. ಪಾಕಿಸ್ತಾನ ಹುಟ್ಟಿದ ಮೇಲೆ ಅವರ ದಳ ನಿಷೇಧಕ್ಕೊಳಗಾಯಿತು. 1948ರ ಆಗಸ್ಟ್ 12ರಂದು ಚಾರಸದ್ದಾ ಬಳಿಯ ಬಬ್ರಾದಲ್ಲಿ ಅದರ ಕಾರ್ಯಕರ್ತರ ಮೇಲೆ ಸ್ವಂತ ಸರ್ಕಾರವೇ ಗುಂಡು ಹಾರಿಸಿತು. ಆಗಲೂ ಚಳವಳಿ ಬಂದೂಕಿನ ದಾರಿ ಹಿಡಿಯಲಿಲ್ಲ. ಬ್ರಿಟಿಷರ ಸೆರೆಯಲ್ಲಿದ್ದಂತೆ ಸ್ವಧರ್ಮೀಯರ ಸೆರೆಯಲ್ಲೂ ಗಫಾರ್ ಖಾನರು ವರ್ಷಗಟ್ಟಲೆ ಕಳೆದರು. 1987ರಲ್ಲಿ ಭಾರತ ಅವರಿಗೆ ಭಾರತರತ್ನ ನೀಡಿತು. ಮರುವರ್ಷ ಜನವರಿ 20ರಂದು ಪೇಶಾವರದಲ್ಲಿ ತೀರಿಕೊಂಡರು.